ಚೀಲ ಮುಚ್ಕೊಂಡು ಬಾ

ಊರಿಗೆ ಹೊರಡುವ ಹಿಂದಿನ ರಾತ್ರಿ ಅವ್ವನ ಫೋನು ಬಂದೇ ಬರುತ್ತೆ. "ಏನಾರ ತರಂಗಿದ್ರೆ ಆ ಮಾರ್ಟಿನ ಚೀಲದಾಗೆ ತರಬ್ಯಾಡಪ. ಅಕ್ಕಿ ಚೀಲದಾಗೆ ಹಾಕ್ಕೊಂಡು, ಮ್ಯಾಲೆ ಒಂದು ಟವಲು ಮುಚ್ಕೊಂಡು ಬಾ." ನಮ್ಮದು ಜಗಳೂರು ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಬಸ್ಸು ನಿಲ್ಲೋದು ಶೆಟ್ಟರ ಕಿರಾಣಿ ಅಂಗಡಿ ಎದುರಿಗೇ. ಅಲ್ಲಿಂದ ನಮ್ಮ ಹಟ್ಟಿಗೆ ಹೋಗಬೇಕೆಂದರೆ ಶೆಟ್ಟರ ಕಣ್ಣು ತಪ್ಪಿಸಿ ಹೋಗುವ ಇನ್ನೊಂದು ದಾರಿಯಿಲ್ಲ. ತಿಂಗಳಿಗೆ ಲಕ್ಷದ ಮೇಲೆ ಸಂಬಳ ಎಣಿಸುವ ನಾನು, ಎರಡು ಕೇಜಿ ಸೋಪಿನ ಪುಡಿಯನ್ನು ಗಾಂಜಾ ಸಾಗಿಸುವವನ ಹಾಗೆ ಟವಲಿನಡಿ ಮುಚ್ಚಿಕೊಂಡು ಆ ಐವತ್ತು ಹೆಜ್ಜೆ ನಡೆಯುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಜುಗ್ಗ. ನಾನು ಹೇಳದಿದ್ದರೂ ನನ್ನ ಟೀಮಿನವರು ಹೇಳುತ್ತಾರೆ. ಹಾಕಿಕೊಂಡಿರುವ ಶರ್ಟಿಗೆ ಏಳು ವರ್ಷ. ಬೈಕು 2014ರದ್ದು. ಮೆಟ್ರೋ ಸ್ಟೇಷನ್ನಿನಿಂದ ಮನೆಗೆ ಎರಡು ಕಿಲೋಮೀಟರ್ ಆಟೋ ಹತ್ತದೆ ನಡೆಯುತ್ತೇನೆ, ಕೇಳಿದವರಿಗೆ ವಾಕಿಂಗ್ ಅನ್ನುತ್ತೇನೆ. ಆಫೀಸಿನಲ್ಲಿ ಮುನ್ನೂರು ರೂಪಾಯಿಯ ಕಾಫಿಗೆ ಕರೆದರೆ ಗ್ಯಾಸ್ಟ್ರಿಕ್ ಅಂತ ತಪ್ಪಿಸಿಕೊಳ್ಳುತ್ತೇನೆ. ಆದರೆ ಶನಿವಾರ ಸಂಜೆ ಏಳೂವರೆಗೆ, ಏರಿಯಾದ ದೊಡ್ಡ ಮಾರ್ಟಿನಲ್ಲಿ ನನ್ನನ್ನು ನೀವು ನೋಡಬೇಕು. ಟ್ರಾಲಿ ತಳ್ಳಿಕೊಂಡು, ಕೆಲಸವಿಲ್ಲದಿದ್ದರೂ ಪ್ರತಿ ಸಾಲಿನೊಳಗೂ ಹೋಗಿ ಬರುತ್ತೇನೆ. ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚುತ್ತೇನೆ. ಸೋಪಿನ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲುತ್ತೇನೆ. ಹೌದು, ಅದು ಗೋಡೆಯೇ. ನಮ್ಮ ಮನೆಯಲ್ಲಿ ಸೋಪನ್ನು ದಾರದಿಂದ ಕೊಯ್ದು ಅರ್ಧ ಮಾಡಿ ಬಳಸುತ್ತಿದ್ದರು. ಒಂದು ಮೈಸೂರು ಸ್ಯಾಂಡಲ್ ಟ್ರಂಕಿನೊಳಗೆ ಬಟ್ಟೆಗಳ ನಡುವೆ ಇತ್ತು, ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತಿತ್ತು. ಈಗ ನನ್ನ ಬಾತ್‌ರೂಮಿನ ಮೇಲಿನ ಕಪಾಟಿನಲ್ಲಿ 23 ಸೋಪುಗಳಿವೆ. "ಅಂಗಡಿ ಇಡ್ತೀರಾ?" ಅಂತಾಳೆ ಹೆಂಡತಿ. ಮನೆಯಲ್ಲಿರೋದು ಮೂರೇ ಜನ.

ಮೂರು ಸಾವಿರದ ಬಿಲ್ಲು ಕೈಗೆ ಬಂದಾಗ ಹೊಟ್ಟೆ ತೊಳಸುತ್ತೆ. ಕೆಳಗಡೆ "ನೀವು ಉಳಿಸಿದ್ದು ಇಷ್ಟು" ಅಂತ ಪ್ರಿಂಟಾಗಿರುವ ಸಾಲು ನೋಡಿದರೆ ಸಮಾಧಾನವಾಗುತ್ತೆ. ಉಳಿಸಲು ಹೋಗಿ ಖರ್ಚು ಮಾಡಿ ಬಂದು, ಆಮೇಲೆ ಉಳಿಸಿದೆ ಅಂತ ನಂಬುವುದು. ಇದು ನನ್ನೊಬ್ಬನ ರೋಗ ಅಲ್ಲ, ನಿಮ್ಮದೂ ಹೌದು ಅಂತ ಗೊತ್ತು. ಬಿಲ್ಲಿಂಗ್ ಸಾಲಿನಲ್ಲಿ ನಿಮ್ಮನ್ನು ನೋಡಿದ್ದೀನಿ.

ಇಲ್ಲಿಯವರೆಗೆ ತಮಾಷೆ. ಜಗಳ ಶುರುವಾಗೋದು ಈ ಚಟದ ಬಗ್ಗೆ ನನಗೆ ಉಪದೇಶ ಮಾಡುವ ಎರಡು ಪಂಗಡದವರ ಜತೆ.

ಮೊದಲನೆಯವರು ಹಣಕಾಸು ಪಂಡಿತರು. ಮೊಬೈಲಿನ ತುಂಬ ಇದ್ದಾರೆ, ಆಫೀಸಿನ ಕ್ಯಾಂಟೀನಿನಲ್ಲೂ ಇಬ್ಬರಿದ್ದಾರೆ. ನಲವತ್ತೈದಕ್ಕೇ ರಿಟೈರಾಗುವ ಎಕ್ಸೆಲ್ ಶೀಟು ಇವರ ಹತ್ತಿರ ಇರುತ್ತೆ. ಬಡವರು ಬಡವರಾಗಿಯೇ ಉಳಿಯುವುದು ಅವರ ಅಭ್ಯಾಸದಿಂದ ಅನ್ನುವುದು ಇವರ ಸಿದ್ಧಾಂತ. ಬಲ್ಕಾಗಿ ಕೊಳ್ಳಲ್ಲ, ಪ್ಲಾನ್ ಮಾಡಲ್ಲ, ಚಿಲ್ಲರೆ ಚಿಲ್ಲರೆಯಾಗಿ ತಂದು ಜಾಸ್ತಿ ದುಡ್ಡು ಕೊಡುತ್ತಾರೆ ಅನ್ನೋದು ಇವರ ದೂರು. ಸ್ವಾಮಿ, ನಮ್ಮವ್ವ ಐವತ್ತು ಗ್ರಾಂ ಚಾಪುಡಿ, ಒಂದು ಸಣ್ಣ ಬಾಟಲಿ ಎಣ್ಣೆ ತರುತ್ತಿದ್ದದ್ದು ಲೆಕ್ಕ ಬರದೇ ಅಲ್ಲ. ಅವತ್ತಿನ ಕೂಲಿಯಲ್ಲಿ ಅಷ್ಟೇ ಬರುತ್ತಿತ್ತು. ಬಡವರು ಅದೇ ಸಾಮಾನಿಗೆ ಹೆಚ್ಚು ತೆರುತ್ತಾರೆ ಎಂಬುದನ್ನು ಡೇವಿಡ್ ಕ್ಯಾಪ್ಲೊವಿಟ್ಜ್ ಅನ್ನುವ ಸಮಾಜಶಾಸ್ತ್ರಜ್ಞ ನ್ಯೂಯಾರ್ಕಿನ ಬಡ ಮನೆಗಳನ್ನು ನೋಡಿ 1963ರಲ್ಲೇ ಪುಸ್ತಕ ಮಾಡಿದ್ದಾನೆ. ನಮ್ಮವ್ವ ಅದನ್ನು ಓದಿಲ್ಲ, ಅವಳಿಗೆ ಅದರ ಅಗತ್ಯವೂ ಇರಲಿಲ್ಲ.

ಈ ಮಾರ್ಟುಗಳ ಅಗ್ಗ ಎಲ್ಲಿಂದ ಬರುತ್ತೆ ನೋಡಿ. ಡಿಮಾರ್ಟನ್ನೇ ತಗೊಳ್ಳಿ. ರಾಧಾಕಿಶನ್ ದಮಾನಿ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ಮೊದಲ ಅಂಗಡಿ ತೆರೆದರು. 2017ರ ಮಾರ್ಚಿನಲ್ಲಿ ಅದರ ಶೇರು ಮಾರುಕಟ್ಟೆಗೆ ಬಂದಾಗ 299 ರೂಪಾಯಿಯದ್ದು ಮೊದಲ ದಿನವೇ ಡಬಲ್ ಆಗಿತ್ತು. ನನ್ನ ಪಕ್ಕದ ಸೀಟಿನವನು ಅವತ್ತು ಪಾರ್ಟಿ ಕೊಟ್ಟಿದ್ದ, ನಾನು ಹೋಗಿ ಚೆನ್ನಾಗಿಯೇ ತಿಂದು ಬಂದೆ. ಅವರ ಗುಟ್ಟು ದೊಡ್ಡದೇನಲ್ಲ. ಹೆಚ್ಚಿನ ಕಡೆ ಬಾಡಿಗೆ ಕಟ್ಟಡ ಬಿಟ್ಟು ಸ್ವಂತ ಕಟ್ಟಡದಲ್ಲೇ ಅಂಗಡಿ ಇಡುತ್ತಾರೆ. ಸರಬರಾಜು ಮಾಡಿದವರಿಗೆ ಬೇಗ ದುಡ್ಡು ಕೊಟ್ಟು, ಅದಕ್ಕೆ ಪ್ರತಿಯಾಗಿ ರೇಟು ಇಳಿಸಿಕೊಳ್ಳುತ್ತಾರೆ. ಕಂಪನಿಯಿಂದ ಹಿಡಿದು ಟ್ರಾಲಿ ತಳ್ಳುವ ನನ್ನವರೆಗೆ ಆ ಸರಪಳಿ ಓಡೋದು ಕೈಯಲ್ಲಿರುವ ದುಡ್ಡಿನ ಮೇಲೆ. ಮಳೆ ಬಂದ ಮೇಲೆ ಕೊಡ್ತೀನಿ ಅನ್ನುವವನಿಗೆ ಅದರಲ್ಲಿ ಜಾಗವಿಲ್ಲ. ಮಿತವ್ಯಯ ಅಂತ ನೀವು ಬೆನ್ನು ತಟ್ಟಿಕೊಳ್ಳುವುದಕ್ಕೂ ಮೊದಲು ಕೈಯಲ್ಲಿ ಒಂದು ತಿಂಗಳ ದುಡ್ಡು ಒಟ್ಟಿಗೆ ಇರಬೇಕು. ಅದಿದ್ದವನು ಜಾಣ, ಇಲ್ಲದವನು ದಡ್ಡ ಅಂದರೆ ಕ್ಯಾಂಟೀನಿನಲ್ಲಿ ನಾನು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುತ್ತೇನೆ.

ಇವರನ್ನಾದರೂ ಸಹಿಸಬಹುದು. ನನಗೆ ಜಾಸ್ತಿ ಸಿಟ್ಟು ಬರೋದು ಎರಡನೆಯವರ ಮೇಲೆ. ಇವರು ಒಳ್ಳೆಯವರು, ಅದೇ ಕಷ್ಟ. "ಮಾರ್ಟಿಗೆ ಯಾಕೆ ಹೋಗ್ತೀಯ ಗುರು, ಮೂಲೆ ಅಂಗಡಿ ಉಳಿಸ್ಕೋಬೇಕು, ಅಲ್ಲಿ ಮನುಷ್ಯ ಸಂಬಂಧ ಇರುತ್ತೆ" ಅನ್ನುತ್ತಾರೆ. ಅಂಗಡಿಯವನು ಹೆಸರು ಹಿಡಿದು ಮಾತಾಡಿಸುತ್ತಾನೆ, ಮನೆಮಂದಿಯ ಆರೋಗ್ಯ ಕೇಳುತ್ತಾನೆ, ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡಿ ಅನ್ನುತ್ತಾನೆ. ಇದನ್ನೆಲ್ಲ ಹೇಳುವಾಗ ಅವರ ಕಣ್ಣು ಒದ್ದೆಯಾಗಿರುತ್ತೆ. ಬರೆಯುವವರಾದರೆ ಬೆಲ್ಲದ ವಾಸನೆ, ಗೋಣಿಚೀಲ, ತಕ್ಕಡಿ, ಪೊಟ್ಟಣ ಕಟ್ಟುವ ದಾರದ ಉಂಡೆ, ಒಂದನ್ನೂ ಬಿಡುವುದಿಲ್ಲ.

ನಾನು ನೋಡಿದ ಅಂಗಡಿಯಲ್ಲೂ ಬೆಲ್ಲದ ವಾಸನೆ ಇತ್ತು. ಅದು ನನಗೆ ಕೆಳಗಿನಿಂದ ಬರುತ್ತಿತ್ತು.

ಶೆಟ್ಟರ ಅಂಗಡಿಗೆ ಮೂರು ಮೆಟ್ಟಿಲು, ಮೇಲೆ ಕಡಪಾ ಕಲ್ಲು ಹಾಸಿದ ಕಟ್ಟೆ. ಊರೊಳಗಿನವರು ಕಟ್ಟೆ ಹತ್ತಿ, ಒಂದು ಬೀಡಿ ಹಚ್ಚಿ, ಕಡ್ಲೆಬೀಜ ಬಾಯಿಗೆ ಎಸೆದುಕೊಂಡು ಮಾತಾಡುತ್ತಿದ್ದರು. ನಮ್ಮ ಹಟ್ಟಿಯವರು ಕೆಳಗೆ. ದುಡ್ಡನ್ನು ಕಟ್ಟೆಯ ಅಂಚಿಗಿಟ್ಟು ಕೈ ಹಿಂದೆ ತಗೊಳ್ಳಬೇಕು. ಆಮೇಲೆ ಅವರು ಅದನ್ನು ತೆಗೆದುಕೊಂಡು, ಪೊಟ್ಟಣವನ್ನು ಮೇಲಿನಿಂದ ನಮ್ಮ ಕೈಗೆ ಬಿಡುತ್ತಿದ್ದರು. ಬೈಗುಳವಿಲ್ಲ, ಗದರಿಕೆಯಿಲ್ಲ. ಶೆಟ್ಟರು ನಗುತ್ತಲೇ ಬಿಡುತ್ತಿದ್ದರು. ಹೆಸರು ಹಿಡಿದೂ ಕರೆಯುತ್ತಿದ್ದರು. ಮನೆಯ ಆರೋಗ್ಯವನ್ನೂ ಕೇಳುತ್ತಿದ್ದರು. ಒಂದು ಸಲ ಸಕ್ಕರೆ ಪೊಟ್ಟಣ ನನ್ನ ಕೈ ತಪ್ಪಿ ಬಿದ್ದು ಒಡೆಯಿತು. ನನಗಾಗ ಒಂಬತ್ತು ವರ್ಷ. ಮಣ್ಣು ಸೇರಿದ ಸಕ್ಕರೆಯನ್ನು ಬಳಿದುಕೊಳ್ಳುವಾಗ ಮೇಲಿದ್ದವರು "ಲೇ, ಇರುವೆಗೂ ಬಿಡಲಾ" ಅಂತ ನಕ್ಕರು. ಶೆಟ್ಟರು ಇನ್ನೊಂದು ಪೊಟ್ಟಣ ಕಟ್ಟಿ ಬಿಟ್ಟರು. ದುಡ್ಡು ಕೇಳಲಿಲ್ಲ, ಅದನ್ನೂ ಹೇಳಬೇಕು. ಮನುಷ್ಯ ಸಂಬಂಧ ಅನ್ನುತ್ತಾರಲ್ಲ, ನನ್ನ ಕಡೆಯಿಂದ ನೋಡಿದರೆ ಅದು ಹೀಗಿತ್ತು.

ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ತೆಗೆದು ನೋಡಿ. ಜಾತಿ ಧರ್ಮದ ಕಾರಣಕ್ಕೆ ಯಾರನ್ನೂ ತಡೆಯಬಾರದ ಜಾಗಗಳ ಪಟ್ಟಿ ಅಲ್ಲಿದೆ. ಹೋಟೆಲು, ಮನರಂಜನೆಯ ಸ್ಥಳ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಲ್ಲ ಇವೆ. ಆದರೆ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರುವ ಪದ ಅಂಗಡಿ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದು ಚರ್ಚೆಗೆ ಬಂದಾಗ ಅಂಗಡಿ ಎಂದರೆ ಏನೇನು ಸೇರುತ್ತೆ ಎಂಬ ಪ್ರಶ್ನೆ ಎದ್ದಿತು. ಅಂಬೇಡ್ಕರ್ ಆ ಪದವನ್ನು ವಿಶಾಲ ಅರ್ಥದಲ್ಲೇ ಬಳಸಿದ್ದು, ದುಡ್ಡು ಕೊಟ್ಟವರಿಗೆ ಸೇವೆ ಕೊಡಲು ತೆರೆದು ಕೂತವರೆಲ್ಲ ಅದರೊಳಗೆ ಬರುತ್ತಾರೆ ಎಂದು ಉತ್ತರ ಕೊಟ್ಟರು. ಪಿಯುಸಿಯಲ್ಲಿ ಇದನ್ನು ಐದು ಮಾರ್ಕಿಗೆ ಓದಿದ್ದೆ. ಕಟ್ಟೆಗೂ ಇದಕ್ಕೂ ಸಂಬಂಧ ಇದೆ ಅಂತ ಹೊಳೆದದ್ದು ಬೆಂಗಳೂರಿನ ಮಾರ್ಟಿನಲ್ಲಿ, ಟ್ರಾಲಿ ಹಿಡಿದುಕೊಂಡಿರುವಾಗ. ಯಾರನ್ನೂ ಕೇಳದೆ ಕೈ ಚಾಚಿ ಬೇಳೆಯ ಪ್ಯಾಕೆಟ್ಟು ತೆಗೆದು, ಹಿಂದೆ ಮುಂದೆ ತಿರುಗಿಸಿ, ಬೇಡ ಅನ್ನಿಸಿ ವಾಪಸಿಟ್ಟೆ. ಮುಟ್ಟಿ ವಾಪಸಿಟ್ಟೆ! ಮೈಲಿಗೆಯಾಯಿತು ಅಂತ ಯಾರೂ ಅನ್ನಲಿಲ್ಲ. ಮುಂದಿನವರು ಬಂದು ಅದೇ ಪ್ಯಾಕೆಟ್ಟು ತಗೊಂಡು ಹೋದರು.

ನನ್ನ ಸುಖ ಇದೇ ಸ್ವಾಮಿ, ಇದರಲ್ಲಿ ಸೋಪಿನ ಪಾಲು ಕಮ್ಮಿ. ಯಾರ ಮಗ, ಯಾವ ಕೇರಿ, ಹಳೇ ಬಾಕಿ ಎಷ್ಟು, ಒಂದನ್ನೂ ಕೇಳದ ಜಾಗ ಅದು. ಅಲ್ಲಿ ಮನುಷ್ಯ ಸಂಬಂಧ ಇಲ್ಲ ಅಂತ ನೀವು ಮೂಗು ಮುರಿಯುತ್ತೀರಿ. ಅದಿಲ್ಲ ಅಂತಲೇ ನಾನು ಹೋಗುವುದು. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನುವವನು ಪಿಗ್ಲಿ ವಿಗ್ಲಿ ಅನ್ನೋ ವಿಚಿತ್ರ ಹೆಸರಿನ ಅಂಗಡಿ ತೆರೆದು, ಗಿರಾಕಿಗಳೇ ಸಾಮಾನು ಎತ್ತಿಕೊಳ್ಳಲಿ ಅಂತ ಬಿಟ್ಟ. ಅವನ ತಲೆಯಲ್ಲಿದ್ದದ್ದು ಸಾಮಾನು ಕೊಡುವ ಆಳುಗಳ ಸಂಬಳ ಉಳಿಸುವ ಯೋಚನೆ. ಜಗಳೂರಿನ ಒಬ್ಬ ಹುಡುಗನಿಗೆ ಅದರಿಂದ ಬೆನ್ನು ನೆಟ್ಟಗಾಗುತ್ತೆ ಅಂತ ಅವನು ಅಂದುಕೊಂಡಿರಲಿಲ್ಲ. ಲಾಭಕ್ಕೆ ಮಾಡಿದ್ದೂ ಕೆಲವೊಮ್ಮೆ ನಮ್ಮಂಥವರಿಗೆ ಒಳ್ಳೆಯದು ಮಾಡಿಬಿಡುತ್ತೆ.

ಹಾಗಾದರೆ ಅವ್ವ ಯಾಕೆ ಟವಲು ಮುಚ್ಚಿಸುತ್ತಾಳೆ? ಇಲ್ಲಿಗೆ ಬಂದರೆ ನನ್ನ ವಾದ ಕುಂಟುತ್ತೆ. ಮುಚ್ಚಿಡುವುದು ಸರಿಯಲ್ಲ, ಹೇಳುತ್ತೇನೆ.

ದಾವಣಗೆರೆಯಲ್ಲಿ ಬಿ.ಇ. ಓದುವಾಗ ಹಾಸ್ಟೆಲಿನ ನಮ್ಮ ರೂಮಿನಲ್ಲಿ ನಾಲ್ಕು ಜನ. ಒಬ್ಬ ಚನ್ನಗಿರಿಯವನು, ಒಬ್ಬ ಹೊನ್ನಾಳಿ, ಒಬ್ಬ ನ್ಯಾಮತಿ (ಆಗ ಅದು ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು, ಹಾಗಂದರೆ ಅವನಿಗೆ ಸಿಟ್ಟು ಬರುತ್ತಿತ್ತು), ಮತ್ತೆ ನಾನು. ಒಂದು ರಾತ್ರಿ ಕರೆಂಟು ಹೋದಾಗ ಮಾತು ಉದ್ರಿಯ ಕಡೆಗೆ ತಿರುಗಿತು. ನಾಲ್ವರ ಮನೆಯಲ್ಲೂ ಕಿರಾಣಿ ಅಂಗಡಿಯ ಖಾತೆ ಪುಸ್ತಕ ಇತ್ತು. ಚನ್ನಗಿರಿಯವನ ಅಪ್ಪ ಅಡಿಕೆ ಮಾರಿದ ಮೇಲೆ ಒಂದೇ ಏಟಿಗೆ ಬಾಕಿ ತೀರಿಸಿ, ಅಂಗಡಿಯವನಿಂದಲೇ ಟೀ ಕುಡಿದು ಬರುತ್ತಿದ್ದನಂತೆ. ಅಡಿಕೆಯವರಿಗೆ ಅಂಗಡಿಯವನೇ ಕರೆದು ಉದ್ರಿ ಕೊಡುತ್ತಾನೆ ಅಂತ ಅವನ ಜಂಬ. ಹೊನ್ನಾಳಿಯವನದು ಭತ್ತ, ಕಾಲುವೆಗೆ ನೀರು ಬಿಟ್ಟರೆ ವರ್ಷಕ್ಕೆ ಎರಡು ಸಲ ಲೆಕ್ಕ ಚುಕ್ತಾ. ನ್ಯಾಮತಿಯವನದು ಮೆಕ್ಕೆಜೋಳ, ದೀಪಾವಳಿ ಹೊತ್ತಿಗೆ. "ನಿಮ್ದು ಯಾವಾಗಲೇ?" ಅಂತ ನನ್ನ ಕೇಳಿದರು. ನಮ್ಮ ಎರಡೆಕರೆಗೆ ಕಾಲುವೆಯಿಲ್ಲ, ಬೋರಿಲ್ಲ. "ಮಳೆ ಬಂದಾಗ" ಅಂದೆ. ಅವರು ನಕ್ಕರು, ನಾನೂ ನಕ್ಕೆ.

2001ರಿಂದ ಸಾಲಾಗಿ ಮೂರು ವರ್ಷ ಕರ್ನಾಟಕದಲ್ಲಿ ಬರ. ಅದು ನಾನು ಹೈಸ್ಕೂಲಿನಲ್ಲಿದ್ದ ಕಾಲ. ಹೊಲ ಬಿತ್ತಿದ್ದು ಹೊಲದಲ್ಲೇ ಒಣಗಿತು. ಎರಡನೇ ವರ್ಷ ಅಪ್ಪ ಮಲೆನಾಡ ಕಡೆ ಕೂಲಿಗೆ ಹೋದ. ಹದಿನಾಲ್ಕು ತಿಂಗಳು ನಮ್ಮ ಮನೆಯಿಂದ ಶೆಟ್ಟರಿಗೆ ಒಂದು ಪೈಸೆ ಹೋಗಲಿಲ್ಲ. ಆ ಹದಿನಾಲ್ಕು ತಿಂಗಳೂ ಶೆಟ್ಟರು ಜೋಳ, ಬೇಳೆ, ಉಪ್ಪು, ಸೀಮೆಎಣ್ಣೆ ಕೊಟ್ಟರು. ಬಾಕಿ 6,840 ರೂಪಾಯಿಗೆ ಹೋಯಿತು. ಅವ್ವ ಕಟ್ಟೆ ಕೆಳಗೆ ನಿಂತು "ಹೆಂಗ್ ಕೇಳ್ಲಿ ಶೆಟ್ರೆ" ಅಂದರೆ ಅವರು "ಮೊದ್ಲು ಉಣ್ರಿ, ಲೆಕ್ಕ ಎಲ್ಲಿ ಓಡಿ ಹೋಗುತ್ತೆ" ಅನ್ನುತ್ತಿದ್ದರು. ಪೊಟ್ಟಣವನ್ನು ಮಾತ್ರ ಮೇಲಿನಿಂದಲೇ ಬಿಡುತ್ತಿದ್ದರು.

ಇಂಜಿನಿಯರಾದ ಮೇಲೆ ಒಂದು ಸಲ ಇದರ ಲೆಕ್ಕ ಹಾಕಿದೆ. ನಗದಿಗೆ 28 ರೂಪಾಯಿಯ ಬೇಳೆ ಉದ್ರಿಗೆ 30. ಆರು ತಿಂಗಳಿಗೆ ತೀರಿಸಿದರೆ ಹೆಚ್ಚುಕಮ್ಮಿ ವರ್ಷಕ್ಕೆ ಶೇ 14ರ ಬಡ್ಡಿ. ಹದಿನಾಲ್ಕು ತಿಂಗಳಿಗೆ ತೀರಿಸಿದರೆ ಶೇ 6, ಯಾಕೆಂದರೆ ಶೆಟ್ಟರು ಆ ಎರಡು ರೂಪಾಯಿಯ ಮೇಲೆ ಇನ್ನೇನನ್ನೂ ಏರಿಸಲಿಲ್ಲ. ನನ್ನ ಕ್ರೆಡಿಟ್ ಕಾರ್ಡಿನವರು ಬಾಕಿ ಉಳಿಸಿಕೊಂಡರೆ ವರ್ಷಕ್ಕೆ ಶೇ 40ರ ಹತ್ತಿರ ಎಳೆಯುತ್ತಾರೆ. ಬೆಂಗಳೂರಿನ ಯಾವ ಮಾರ್ಟೂ, ಬರ ಬಂತು ಅಂತ ಹದಿನಾಲ್ಕು ತಿಂಗಳು ನನಗೆ ಬೇಳೆ ಕೊಡುವುದಿಲ್ಲ. ಹದಿನಾಲ್ಕು ನಿಮಿಷವೂ ಕೊಡುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಬಸ್ಸು ನಿಂತು ದಾವಣಗೆರೆ ದೂರವಾದಾಗಲೂ ನಮ್ಮ ಹಟ್ಟಿಯ ಒಲೆ ಉರಿದದ್ದು ಶೆಟ್ಟರ ಪುಸ್ತಕದಿಂದ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದಾಗ ಅವ್ವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಶೆಟ್ರು ಹೊಸ ಪುಸ್ತಕ ತಂದವ್ರೆ."

ಈಗ ಹೇಳಿ, ನಾನು ಯಾರ ಪರ ವಾದ ಮಾಡಲಿ? ಕಟ್ಟೆ ಕೆಳಗೆ ನಿಲ್ಲಿಸಿದವರೇ ಹಸಿವಿನಿಂದ ಕಾಪಾಡಿದವರು. ಕಟ್ಟೆಯೇ ಇಲ್ಲದ ಅಂಗಡಿಗೆ ನಾನು ಹಸಿದಿದ್ದೇನೋ ಇಲ್ಲವೋ ಬೇಕಾಗಿಲ್ಲ. ನಮ್ಮ ಗೆಳೆಯರು ಇವೆರಡರಲ್ಲಿ ತಮಗೆ ಬೇಕಾದ ಅರ್ಧ ಮಾತ್ರ ತಗೊಂಡು ಲೇಖನ ಬರೆಯುತ್ತಾರೆ. ಕಿರಾಣಿ ಉಳಿಸಿ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ನೀವು ಹೇಳುವ ಆ ಅಂಗಡಿಯಲ್ಲಿ ನೀವು ನಿಂತದ್ದು ಕಟ್ಟೆಯ ಮೇಲೋ, ಕೆಳಗೋ? ಮೇಲೆ ಅಂತಾದರೆ ಕೆಳಗಿದ್ದವರನ್ನೂ ಕರೆದು ಕೇಳಿ, ಆಮೇಲೆ ಬೆಲ್ಲದ ವಾಸನೆಯ ಬಗ್ಗೆ ಬರೆಯಿರಿ. ಮಾರ್ಟೇ ಬಿಡುಗಡೆ ಅಂತ ಹೊರಟ ನನ್ನಂಥವರಿಗೂ ಒಂದು ಪ್ರಶ್ನೆ ಇದೆ, ಅದನ್ನು ನನಗೆ ಕೇಳಿದ್ದು ಒಬ್ಬ ಹುಡುಗ.

ಹೋದ ವರ್ಷ ಸೋಪಿನ ಗೋಡೆಯ ಮುಂದೆ ನಿಂತು ಊರಿಗೆ ಫೋನು ಮಾಡುತ್ತಿದ್ದೆ. ಅವ್ವನ ಜತೆ ಮಾತಾಡುವಾಗ ನನ್ನ ಬೆಂಗಳೂರು ಕನ್ನಡ ಹಾರಿಹೋಗುತ್ತೆ. ಫೋನಿಟ್ಟ ಕೂಡಲೇ, ಕೆಳಗೆ ಕುಕ್ಕರುಗಾಲಲ್ಲಿ ಕೂತು ಪ್ಯಾಕೆಟ್ಟು ಜೋಡಿಸುತ್ತಿದ್ದ ಹುಡುಗ ತಲೆಯೆತ್ತಿ, "ಅಣ್ಣ, ಜಗಳೂರ ಕಡೆಯವ್ರಾ?" ಅಂದ. ಅವನ ಊರು ನಮ್ಮೂರಿನಿಂದ ಆರು ಮೈಲಿ. "ಯಾವ ಓಣಿ?" ಅಂತ ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರಿಗೂ ಆ ಬುದ್ಧಿ ಬಂದಿದೆ. ಬೆಳಿಗ್ಗೆಯಿಂದ ಕೂತೇ ಇಲ್ಲ ಅಣ್ಣ, ಈಗ ಕೆಳಗಿನ ಸಾಲು ಜೋಡಿಸೋ ನೆಪದಾಗೆ ಕೂತಿದೀನಿ ಅಂತ ನಕ್ಕ. ಐದಾರು ವರ್ಷದಿಂದ ಆ ಸಾಲಿನಲ್ಲಿ ಓಡಾಡಿದ್ದೀನಿ. ಅಲ್ಲಿ ಕೆಲಸ ಮಾಡುವವರಿಗೆ ಒಂದು ಸ್ಟೂಲೂ ಇಲ್ಲ ಅಂತ ಅವತ್ತಿನವರೆಗೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಯಾರೂ ನನ್ನನ್ನು ನೋಡದ ಜಾಗ ಅಂತ ಖುಷಿಪಟ್ಟವನು, ನಾನೂ ಅಲ್ಲಿ ಯಾರನ್ನೂ ನೋಡಿರಲಿಲ್ಲ. ಅವತ್ತು ಟ್ರಾಲಿಯಿಂದ ನಾಲ್ಕು ಸಾಮಾನು ವಾಪಸಿಟ್ಟು ಬಂದೆ. ಮುಂದಿನ ಶನಿವಾರ ಮತ್ತೆ ಹೋದೆ, ಚಟ ಅಲ್ಲವಾ.

ಈ ಯುಗಾದಿಗೆ ಊರಿಗೆ ಹೋದಾಗ ಟವಲು ಕೈಕೊಟ್ಟಿತು. ಬಸ್ಸಿನಿಂದ ಇಳಿಯುವಾಗ ಚೀಲ ಬಾಗಿಲಿಗೆ ಸಿಕ್ಕಿ, ಟವಲು ಜಾರಿ, ಮಾರ್ಟಿನ ಹೆಸರಿದ್ದ ಸೋಪಿನ ಪುಡಿಯ ಪ್ಯಾಕೆಟ್ಟು ಶೆಟ್ಟರ ಕಣ್ಣ ಮುಂದೆಯೇ ಹೊರಗೆ ಬಂತು. ಅವರಿಗೀಗ ಎಪ್ಪತ್ತು ದಾಟಿದೆ. ಕಟ್ಟೆ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ, ಅಂಗಡಿ ಬೇಡ ಅಂದನಂತೆ.

"ಬಾರಪ್ಪ ಇಂಜಿನಿಯರು. ಎಷ್ಟಕ್ಕೆ ಬಂತು ಅದು?"

ಸುಳ್ಳು ಹೇಳಲಿಕ್ಕಾಗಲಿಲ್ಲ. ರೇಟು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ದಾವಣಗೆರೆ ಮಂಡಿಪೇಟೆಯಾಗೆ ನನಗೆ ಬೀಳೋದೇ ಇದಕ್ಕಿಂತ ಹನ್ನೊಂದು ರೂಪಾಯಿ ಜಾಸ್ತಿ" ಅಂದರು. ಸಿಟ್ಟು ಇರಲಿಲ್ಲ, ಲೆಕ್ಕ ಒಪ್ಪಿಸುವ ಧ್ವನಿ. ಆಮೇಲೆ, "ಮುಂದಿನ ಸಲ ಬರುವಾಗ ನನಗೊಂದು ಇಪ್ಪತ್ತು ಪ್ಯಾಕೆಟ್ಟು ತಗೊಂಬಾ. ಹೊರೋಕೆ ಭಾರ ಆಗಲ್ಲ ಅಂದ್ರೆ."

ತಂದೆ. ಬಸವ ಜಯಂತಿಯ ರಜೆಗೆ ಹೋದಾಗ ಇಪ್ಪತ್ತು ಪ್ಯಾಕೆಟ್ಟು ಎರಡು ಚೀಲದಲ್ಲಿ, ಟವಲಿಲ್ಲದೆ. ಕಟ್ಟೆ ಹತ್ತಿ ಒಳಗಿಟ್ಟು ಬಂದೆ. ಹತ್ತು ಅಂತ ಅವರು ಹೇಳಲಿಲ್ಲ, ಹತ್ತಬೇಡ ಅಂತಲೂ ಹೇಳಲಿಲ್ಲ. ಬಿಲ್ಲು ತೋರಿಸಿದೆ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ನನಗೊಂದು ಗ್ಲಾಸು ಶರಬತ್ತು ಬಂತು, ಅವರು ಕುಡಿಯುತ್ತಿದ್ದಂಥದೇ ಸ್ಟೀಲ್ ಗ್ಲಾಸು.

ಹಟ್ಟಿಗೆ ಬಂದು ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಹಿಟ್ಟು ಸಾಣಿಸುತ್ತಿದ್ದ ಅವ್ವ ಗ್ಲಾಸಿನ ಬಗ್ಗೆ ಏನೂ ಅನ್ನಲಿಲ್ಲ.

"ದುಡ್ಡು ಕೈಗೆ ಕೊಟ್ರಾ?" ಅಂದಳು.

"ಫೋನ್‌ಪೇ ಮಾಡಿದ್ರವ್ವ."

ಅವ್ವ ಜರಡಿ ಎರಡು ಸಲ ಬಡಿದಳು.

"ಹಂಗಾರೆ ಗೊತ್ತಾಗಲ್ಲ ಬಿಡು."